ವೈದ್ಯ ವಿದ್ಯಾರ್ಥಿಗಳ ನಡವಳಿಕೆ ಮತ್ತು ಸಂವಹನ ಕೌಶಲದ ಮೌಲ್ಯಮಾಪನ

ಎಂಬಿಬಿಎಸ್ ವಿದ್ಯಾರ್ಥಿಗಳು ರೋಗಿಯೊಂದಿಗೆ ಹೇಗೆ ಮಾತನಾಡುತ್ತಾರೆ, ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಗಮನಿಸಿ, ಅಂಕವಿಟ್ಟು, ತಿದ್ದುವ ಕ್ರಮ. ಔಷಧಶಾಸ್ತ್ರದ ತಿಳಿವಳಿಕೆಗೆ ಉತ್ತರಪತ್ರಿಕೆ ಸಾಕು. ತಾಳ್ಮೆ, ಪ್ರಾಮಾಣಿಕತೆಗಳನ್ನು ಹತ್ತಿರದಿಂದ ನೋಡಿಯೇ ತಿಳಿಯಬೇಕು.

ಇದಕ್ಕೆ ಹೆಚ್ಚು ಬಳಕೆಯಲ್ಲಿರುವುದು ಓಸ್ಕಿ (OSCE) ಎಂಬ ಪ್ರಾಯೋಗಿಕ ಪರೀಕ್ಷೆ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ರೂಪಿಸಿದ ಈ ವಿಧಾನ 1975ರಲ್ಲಿ ಪ್ರಕಟವಾಯಿತು. ಗಂಟೆ ಬಾರಿಸಿದಂತೆ ವಿದ್ಯಾರ್ಥಿಗಳು ಸ್ಟೇಷನ್ ಎಂಬ ಒಂದು ಪರೀಕ್ಷಾ ತಾಣದಿಂದ ಇನ್ನೊಂದಕ್ಕೆ ಸಾಗುತ್ತಾರೆ. ಒಂದರಲ್ಲಿ, ಕ್ಷಯ ಇದೆಯೆಂದು ಇನ್ನಷ್ಟೇ ತಿಳಿಯಬೇಕಾದ ರೋಗಿಯ ಪಾತ್ರದಲ್ಲಿ ತರಬೇತಾದ ವ್ಯಕ್ತಿಯೊಬ್ಬರು ಕುಳಿತಿರುತ್ತಾರೆ. ವಿದ್ಯಾರ್ಥಿ ತನ್ನ ಹೆಸರು ಹೇಳಿದಳೇ? ರೋಗಿಗೆ ಈಗಾಗಲೇ ಏನು ಗೊತ್ತಿದೆ ಎಂದು ಕೇಳಿದಳೇ? ಆರು ತಿಂಗಳು ಮಾತ್ರೆ ಬಿಡಬಾರದೆಂದು ಹೇಳಿ ಸುಮ್ಮನಾದಳೋ, ಅವರಿಂದಲೇ ಮತ್ತೆ ಹೇಳಿಸಿ ಅರ್ಥವಾಗಿದೆಯೇ ಎಂದು ಖಚಿತಪಡಿಸಿಕೊಂಡಳೋ? ಪರೀಕ್ಷಕರು ಪಟ್ಟಿ ಹಿಡಿದು ಒಂದೊಂದಕ್ಕೂ ಅಂಕ ಕೊಡುತ್ತಾರೆ. ಹೀಗೆ ರೋಗಿಯ ಪಾತ್ರಧಾರಿಗಳನ್ನು ಬಳಸುವ ರೂಢಿಯನ್ನು 1963ರಲ್ಲಿ ಅಮೆರಿಕದ ಹೊವಾರ್ಡ್ ಬ್ಯಾರೋಸ್ ಆರಂಭಿಸಿದ್ದರು.

ಆದರೆ ಪರೀಕ್ಷಕರ ಎದುರು ಐದು ನಿಮಿಷ ಸೌಜನ್ಯದಿಂದಿರುವುದು ಕಷ್ಟವಲ್ಲ. ಮಾಡಿ ತೋರಿಸುವುದು ಬೇರೆ, ದಿನನಿತ್ಯ ಮಾಡುವುದು ಬೇರೆ ಎಂಬ ಭೇದವನ್ನು ವೈದ್ಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲೇ ಸ್ಪಷ್ಟಪಡಿಸಿದ್ದರು. ಆದ್ದರಿಂದ ವಾರ್ಡಿನಲ್ಲಿ ಹಲವರು, ಹಲವು ಸಲ, ತಿಂಗಳುಗಟ್ಟಲೆ ಗಮನಿಸಿದ್ದಕ್ಕೆ ಹೆಚ್ಚು ಬೆಲೆ. ನರ್ಸುಗಳ ಅಭಿಪ್ರಾಯವೂ ಇಲ್ಲಿ ಮುಖ್ಯ. ಅಧ್ಯಾಪಕರು ಹೊರಟ ಮೇಲಿನ ನಡತೆ ಕಾಣುವುದು ಅವರಿಗೇ. ಈ ಗಮನಿಕೆ ವ್ಯರ್ಥವಲ್ಲ. ಮ್ಯಾಕ್ಸಿನ್ ಪಾಪಡಾಕಿಸ್ ಮತ್ತು ಸಂಗಡಿಗರು 2005ರಲ್ಲಿ, ಅಮೆರಿಕದಲ್ಲಿ ಶಿಸ್ತುಕ್ರಮಕ್ಕೊಳಗಾದ 235 ವೈದ್ಯರ ಕಾಲೇಜು ದಾಖಲೆಗಳನ್ನು ಇತರ ವೈದ್ಯರ ದಾಖಲೆಗಳೊಂದಿಗೆ ಹೋಲಿಸಿದರು. ವಿದ್ಯಾರ್ಥಿ ದೆಸೆಯಲ್ಲೇ ಅನುಚಿತ ನಡತೆ ದಾಖಲಾಗಿದ್ದವರಿಗೆ ಮುಂದೆ ಶಿಸ್ತುಕ್ರಮ ಎದುರಾಗುವ ಸಂಭವ ಸುಮಾರು 3 ಪಟ್ಟು ಹೆಚ್ಚಿತ್ತು. ಬೇಜವಾಬ್ದಾರಿತನ ಅದರಲ್ಲಿ ಎದ್ದು ಕಂಡ ಲಕ್ಷಣ.

ಭಾರತೀಯ ವೈದ್ಯಕೀಯ ಪರಿಷತ್ತು 2018ರಲ್ಲಿ ಮನೋಭಾವ, ನೀತಿ ಹಾಗೂ ಸಂವಹನ ಕುರಿತ 'ಏಟ್‌ಕಾಮ್' ಪಠ್ಯವನ್ನು ಹೊರತಂದಿತು. 2019ರಲ್ಲಿ ಸೇರಿದ ತಂಡದಿಂದ ಅದು ಎಂಬಿಬಿಎಸ್‌ನ ಎಲ್ಲ ಹಂತಗಳಲ್ಲೂ ಕಡ್ಡಾಯವಾಯಿತು. ಲಿಖಿತ ಪರೀಕ್ಷೆಯಲ್ಲಿ ಇದರ ಪ್ರಶ್ನೆಯಿರುತ್ತದೆ, ಕಲಿಕೆಯನ್ನು ಲಾಗ್‌ಬುಕ್ಕಿನಲ್ಲಿ ದಾಖಲಿಸಬೇಕು. ಪ್ರಶ್ನೆಯಿಂದ ನೀತಿಯ ತಿಳಿವಳಿಕೆ ಗೊತ್ತಾಗುತ್ತದೆ, ನಡತೆಯಲ್ಲ. ಅಧ್ಯಾಪಕರು ಓದದೆ ಸಹಿ ಹಾಕಿದ ಲಾಗ್‌ಬುಕ್ಕಿನಿಂದ ಎರಡೂ ತಿಳಿಯದು. ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೂ ಅವಕಾಶವಿದೆ. ಹೊರರಾಜ್ಯಗಳಿಂದಲೂ ವಿದ್ಯಾರ್ಥಿಗಳು ಬರುವ ಕರ್ನಾಟಕದ ಕಾಲೇಜುಗಳಲ್ಲಿ ಸಂವಹನದ ಸ್ಟೇಷನ್ನುಗಳನ್ನು ಕನ್ನಡದಲ್ಲೇ ನಡೆಸುವುದು ನ್ಯಾಯ, ಏಕೆಂದರೆ ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಹೆಚ್ಚಿನ ರೋಗಿಗಳು ತಮ್ಮ ನೋವು ಹೇಳಿಕೊಳ್ಳುವುದು ಆ ಭಾಷೆಯಲ್ಲಿ.