'ಮುಡಿಪಿದರ್': ನಿಸಿದಿ ಶಾಸನಗಳ ಒಂದು ಕ್ರಿಯಾಪದ

ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗವು ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಅದೇ ಇಂದಿನ ಕೊಪ್ಪಳ. ಜೈನರ ಪ್ರಾಚೀನ ತೀರ್ಥ. 'ವರಾಂಗಚರಿತ'ವನ್ನು ಸಂಸ್ಕೃತದಲ್ಲಿ ರಚಿಸಿದ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಇಲ್ಲಿಯ ಬಂಡೆಯ ಮೇಲೆ ಕೆತ್ತಲಾಗಿದೆ. ಅವನ್ನು ಚಾವಯ್ಯನು ಮಾಡಿಸಿದನೆಂದು ಅಲ್ಲಿಯ ಕನ್ನಡ ಬರಹ ತಿಳಿಸುತ್ತದೆ. ಅವರು ಇಲ್ಲಿಯೇ ಸಮಾಧಿಮರಣ ಹೊಂದಿದರೆಂಬುದು ವಿದ್ವಾಂಸರ ಅಭಿಪ್ರಾಯ.

ಅಂತಹ ಮರಣವನ್ನು ಹೇಳಲು ಹಳಗನ್ನಡದಲ್ಲಿ ವಿಶಿಷ್ಟವಾದ ಕ್ರಿಯಾಪದವೊಂದಿತ್ತು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ 7ನೆಯ ಶತಮಾನದ ನಿಸಿದಿ ಶಾಸನಗಳು, ನೋಂತು ದೇಹವನ್ನು ತೊರೆದವರನ್ನು ಕುರಿತು 'ಮುಡಿಪಿದರ್' ಎನ್ನುತ್ತವೆ. 'ಮುಡಿ' ಎಂದರೆ ಕೊನೆಗೊಳ್ಳು. ತಮಿಳಿನಲ್ಲಿ ಈ ಧಾತು ಇಂದಿಗೂ ಬಳಕೆಯಲ್ಲಿದೆ. 'ಮುಡಿಪು' ಎಂದರೆ ಕೊನೆಗಾಣಿಸು. ಮುಗಿ, ಮುಗಿಸು ಎಂಬಲ್ಲಿರುವ ಭೇದವೇ ಇಲ್ಲಿಯೂ ಇದೆ.

ದೇವರಿಗೆ ಕಟ್ಟಿಡುವ 'ಮುಡಿಪು' ಬೇರೆಯದು. ಅದು ಗಂಟುಕಟ್ಟು ಎಂಬರ್ಥದ 'ಮುಡಿ'ಯಿಂದ ಬಂದುದು; ನಿಘಂಟುಕಾರರು ಇವೆರಡನ್ನು ಪ್ರತ್ಯೇಕವಾಗಿಯೇ ಇಡುತ್ತಾರೆ.

ಲ್ಯಾಟಿನ್ ಭಾಷೆಯ 'ಡಿಫುಂಗಿ' ಇದಕ್ಕೆ ಹತ್ತಿರದ ಹೋಲಿಕೆ. ಹೊತ್ತ ಕರ್ತವ್ಯವನ್ನು ಪೂರೈಸು ಎಂಬುದು ಅದರ ಅರ್ಥ. ಬಾಳನ್ನು ಪೂರೈಸಿದವನು ಮೃತನೆನಿಸಿದನು. ಅದರಿಂದ ಹುಟ್ಟಿದ ಇಂಗ್ಲಿಷಿನ 'ಡಿಫಂಕ್ಟ್' ಇಂದು ಮುಚ್ಚಿಹೋದ ಸಂಸ್ಥೆಗಳಿಗೂ ಸಲ್ಲುವ ಮಾತಾಗಿದೆ. ಕನ್ನಡದ ಕ್ರಿಯಾಪದವಾದರೋ ಬಳಕೆಯಿಂದಲೇ ಮರೆಯಾಯಿತು.

ಆದುದರಿಂದ 'ಮುಡಿಪಿದರ್' ಎಂಬುದನ್ನು 'ಸತ್ತರು' ಎಂದಷ್ಟೇ ಅನುವಾದಿಸಿದರೆ ಶಾಸನದ ಆಶಯ ಸೊರಗುತ್ತದೆ. ಮರಣವು ಅವರಿಗೆ ಬಂದೊದಗಿದ್ದಲ್ಲ. ನೋಂಪಿಯನ್ನು ಅವರೇ ಕೊನೆಮುಟ್ಟಿಸಿದರು.