ಮನೆ ಬಾಡಿಗೆಗಿದೆ... ಮಾಲೀಕ ಮಾತ್ರ ಇಲ್ಲ!

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಈ ಜಾಹೀರಾತು ಒಮ್ಮೆಯಾದರೂ ಕಣ್ಣಿಗೆ ಬಿದ್ದಿರುತ್ತದೆ. ಎರಡು ಬೆಡ್‌ರೂಮು, ಫಳಫಳ ಹೊಳೆಯುವ ನೆಲ, ಬಾಲ್ಕನಿಯಲ್ಲಿ ತುಳಸಿ ಗಿಡ, ಆಫೀಸಿಗೆ ಹತ್ತೇ ನಿಮಿಷ. ಬಾಡಿಗೆ ಮಾತ್ರ ಆ ಬೀದಿಯ ಉಳಿದ ಮನೆಗಳಲ್ಲಿ ಅರ್ಧ! ಫೋನ್ ಮಾಡಿದರೆ ಮಾಲೀಕರು ಊರಲ್ಲಿಲ್ಲ. "ತುಂಬಾ ಜನ ಕೇಳ್ತಿದಾರೆ ಸಾರ್, ಟೋಕನ್ ಹಾಕಿಬಿಡಿ, ನಿಮಗೇ ಇಟ್ಟಿರ್ತೀನಿ" ಅನ್ನುತ್ತದೆ ಆ ಕಡೆಯ ದನಿ.

ಇದೆಲ್ಲ ಇಂಟರ್ನೆಟ್ ಬಂದ ಮೇಲೆ ಹುಟ್ಟಿದ ಪೀಡೆ ಅಂತ ಸುಮಾರು ಜನ ಹೇಳುತ್ತಾರೆ. ಸ್ವಲ್ಪ ಹಿಂದೆ ಹೋಗಿ ನೋಡಿದರೆ ಈ ಮೋಸಕ್ಕೆ ಬಲು ಉದ್ದದ ಇತಿಹಾಸವೇ ಇದೆ. ನಾನು ಇತಿಹಾಸ ಓದಿದವನಲ್ಲ, ಕೋಡು ಬರೆದು ಹೊಟ್ಟೆ ಹೊರೆಯುವವನು. ಆದರೂ ಈ ಕಥೆಯನ್ನು ಒಂದು ಸಲ ಮೊದಲಿನಿಂದ ಜೋಡಿಸಿ ನೋಡೋಣ ಅನ್ನಿಸಿತು. ಯಾಕೆಂದರೆ ಮೋಸ ಎಲ್ಲಿಂದ ಒಳಗೆ ನುಗ್ಗುತ್ತದೆ ಅನ್ನುವುದು ಈ ಇತಿಹಾಸದಲ್ಲೇ ಇದೆ.

ಲಿಖಿತ, ಭುಕ್ತಿ, ಸಾಕ್ಷಿ

ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯ (ಆಳ್ವಿಕೆ 1076-1126) ನಮಗೆಲ್ಲ ಶಾಲೆಯಲ್ಲೇ ಪರಿಚಯ. ಅವನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಬರೆದ 'ಮಿತಾಕ್ಷರ'ದ ಹೆಸರನ್ನೂ ಒಂದು ಅಂಕದ ಪ್ರಶ್ನೆಗಾಗಿ ಬಾಯಿಪಾಠ ಮಾಡಿದ್ದೇವೆ. ಅದು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಹಿಂದೂ ಆಸ್ತಿ ಪಾಲಿನ ವಿಚಾರದಲ್ಲಿ ಬ್ರಿಟಿಷರ ಕೋರ್ಟುಗಳೂ ಅದನ್ನೇ ಆಧಾರವಾಗಿ ಹಿಡಿದವು. ಶಾಲೆಯಲ್ಲಿ ನಮಗೆ ಹೇಳದೇ ಬಿಟ್ಟದ್ದು ಏನೆಂದರೆ, ಮನೆ ಹುಡುಕುವವನಿಗೆ ಬೇಕಾದ ಸರಕೂ ಅದರಲ್ಲಿದೆ.

ಒಂದು ಆಸ್ತಿಯ ಮೇಲೆ ಒಬ್ಬನ ಹಕ್ಕಿದೆ ಅನ್ನುವುದಕ್ಕೆ ಯಾಜ್ಞವಲ್ಕ್ಯ ಸ್ಮೃತಿ ಮೂರು ಪ್ರಮಾಣಗಳನ್ನು ಹೇಳುತ್ತದೆ: ಲಿಖಿತ, ಭುಕ್ತಿ, ಸಾಕ್ಷಿ. ಅಂದರೆ ಕಾಗದ, ಅನುಭೋಗ, ಕಂಡವರ ಮಾತು. ಒತ್ತೆ ಇಡುವುದರಲ್ಲೂ ಎರಡು ಬಗೆ ಹೇಳಿದ್ದಾರೆ. ಸಾಲ ಕೊಟ್ಟವನು ಒತ್ತೆಯ ವಸ್ತುವನ್ನು ಬರೀ ಕಾಪಾಡಿಕೊಂಡಿದ್ದರೆ ಅದು ಗೋಪ್ಯ, ಬಡ್ಡಿಯ ಬದಲು ಅದನ್ನು ಬಳಸಿಕೊಂಡರೆ ಭೋಗ್ಯ. ಹೌದು, ಬೆಂಗಳೂರಿನಲ್ಲಿ ಇವತ್ತು 'ಲೀಸ್' ಅನ್ನುತ್ತಾರಲ್ಲ, ಒಂದೇ ಸಲ ಹತ್ತಾರು ಲಕ್ಷ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರುವುದು, ಅದೇ ಭೋಗ್ಯ! ಒಂದೇ ಆಸ್ತಿಯನ್ನು ಇಬ್ಬರಿಗೆ ಒತ್ತೆ ಇಟ್ಟರೆ ಮೊದಲು ಪಡೆದವನ ಹಕ್ಕೇ ಬಲವಾದದ್ದು ಅಂತಲೂ ಅಲ್ಲಿ ನಿಯಮವಿದೆ. ಯಾರೂ ಹಾಗೆ ಮಾಡದೇ ಇದ್ದಿದ್ದರೆ ಆ ನಿಯಮ ಯಾಕೆ ಬೇಕಿತ್ತು ಹೇಳಿ? ಒಂದೇ ಮನೆಯನ್ನು ಇಬ್ಬರಿಗೆ ಕೊಡುವ ಬುದ್ಧಿ ಸಾವಿರ ವರ್ಷಕ್ಕೂ ಹಳೆಯದು.

ಈ ಮೂರು ಮಾತು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಇವುಗಳಲ್ಲಿ ಒಂದೊಂದಾಗಿ ಕಳಚಿಕೊಂಡು ಹೋದದ್ದರ ಕಥೆ.

"ಯಾರ ಪೈಕಿ?"

ನಮ್ಮ ಜಗಳೂರಿನಂಥ ಊರಿನಲ್ಲಿ ಮೊದಲು ಬರುವುದು ಸಾಕ್ಷಿ. 1997ರವರೆಗೆ ಚಿತ್ರದುರ್ಗ ಜಿಲ್ಲೆಗೆ, ಆಮೇಲೆ ದಾವಣಗೆರೆ ಜಿಲ್ಲೆಗೆ ಸೇರಿದ, ಮಳೆ ಕಮ್ಮಿಯ ತಾಲೂಕು ನಮ್ಮದು. ಇಲ್ಲಿ ಬಾಡಿಗೆ ಮನೆ ಬೇಕಾಗುತ್ತಿದ್ದುದು ಹೆಚ್ಚಾಗಿ ವರ್ಗವಾಗಿ ಬಂದ ಮೇಷ್ಟ್ರಿಗೆ, ಬ್ಯಾಂಕಿನವರಿಗೆ, ತಾಲೂಕು ಕಚೇರಿಯವರಿಗೆ. ಮನೆ ಖಾಲಿ ಇದೆ ಅನ್ನುವ ಸುದ್ದಿ ಹೋಟೆಲಿನ ಬೆಂಚಿನ ಮೇಲೆ ಸಿಗುತ್ತಿತ್ತು. ಮಾಲೀಕರು ಪಕ್ಕದ ಮನೆಯಲ್ಲೋ ಹಿಂದಿನ ಬೀದಿಯಲ್ಲೋ ಇರುತ್ತಿದ್ದರು. ಮನೆ ಯಾರದು ಅಂತ ಓಣಿಯ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕರಾರು ಪತ್ರ ಇರುತ್ತಿರಲಿಲ್ಲ, ಆದರೆ ಮೋಸ ಮಾಡಿ ಹೋಗುವುದಾದರೂ ಎಲ್ಲಿಗೆ?

ಆದರೆ ಅದು ಸ್ವರ್ಗವಾಗಿತ್ತು ಅಂತ ನಾನು ಹೇಳುವುದಿಲ್ಲ. ಮೊದಲ ಪ್ರಶ್ನೆಯೇ "ಯಾರ ಪೈಕಿ?" ಅಂತ. ಜಾತಿ, ಧರ್ಮ, ಮದುವೆ, ಮಾಂಸ ಎಲ್ಲ ಆ ಒಂದು ಪ್ರಶ್ನೆಯೊಳಗೇ ಬಂದುಬಿಡುತ್ತಿತ್ತು. ಸಾಕ್ಷಿ ಹೇಳುವವರು ಇಲ್ಲದವನಿಗೆ ಮನೆಯೂ ಇಲ್ಲ. ಮುಖ ನೋಡದೆ ಮನೆ ಹುಡುಕುವ ವ್ಯವಸ್ಥೆಯನ್ನು ಜನ ಅಪ್ಪಿಕೊಂಡದ್ದಕ್ಕೆ ಇದೂ ಒಂದು ಕಾರಣ. ಮೋಸ ಹೋದವರನ್ನು "ದುರಾಸೆ" ಅಂತ ಬೈಯುವವರು ಇದನ್ನು ಮರೆಯುತ್ತಾರೆ.

ಕಾಗದದ ಕಾಲ

ಬ್ರಿಟಿಷರ ಕಾಲದಲ್ಲಿ ಲಿಖಿತಕ್ಕೆ ಬಲ ಬಂತು. 1882ರ ಆಸ್ತಿ ವರ್ಗಾವಣೆ ಕಾಯ್ದೆ ಭೋಗ್ಯವನ್ನು ಅಡಮಾನದ ಒಂದು ಬಗೆಯಾಗಿ ಗುರುತಿಸಿ, 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಅಂಥ ಅಡಮಾನ ನೋಂದಣಿ ಆಗಬೇಕು ಅಂದಿತು. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗೇಣಿ ಕರಾರೂ ನೋಂದಣಿ ಆಗಬೇಕು. ನೋಂದಣಿ ಆದದ್ದು ಸಬ್‌ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರದಲ್ಲಿ, ಅಂದರೆ ನಾವು 'ಇಸಿ' ಅನ್ನುವುದರಲ್ಲಿ, ಕಾಣುತ್ತದೆ. ಎರಡನೇ ಸಲ ಒತ್ತೆ ಇಟ್ಟರೆ ಮೊದಲನೆಯದು ಅಲ್ಲೇ ಸಿಕ್ಕಿಬೀಳುತ್ತದೆ. ಅದ್ಭುತ ವ್ಯವಸ್ಥೆ. ನಮ್ಮ ಜನ ಏನು ಮಾಡಿದರು? ನೋಂದಣಿಯ ಖರ್ಚು ತಪ್ಪಿಸಲು ಹನ್ನೊಂದು ತಿಂಗಳ ಕರಾರು ಕಂಡುಹಿಡಿದರು :) ಇವತ್ತಿಗೂ ನಮ್ಮ ಬಹುಪಾಲು ಬಾಡಿಗೆ ಕರಾರುಗಳು ಹನ್ನೊಂದೇ ತಿಂಗಳಿಗೆ.

ಆಮೇಲೆ 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯ್ದೆ. ಅದು ಅನ್ವಯವಾಗುವ ಊರುಗಳಲ್ಲಿ ಮನೆ ಖಾಲಿಯಾದರೆ ಮಾಲೀಕ ಬಾಡಿಗೆ ನಿಯಂತ್ರಕರಿಗೆ ತಿಳಿಸಬೇಕು, ಅವರು ಯಾರಿಗೆ ಕೊಡಬೇಕು ಅಂತ ಹಂಚಬೇಕು! ಕಾಗದದ ಮೇಲೆ ಸರ್ಕಾರವೇ ಬ್ರೋಕರ್. ಬಾಡಿಗೆಯಲ್ಲದೆ ಮೇಲೆ ದುಡ್ಡು ಕೇಳುವುದಕ್ಕೂ ನಿಷೇಧವಿತ್ತು. ಇದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ಅಷ್ಟು ಹೊತ್ತಿಗೆ ನಮ್ಮ ಐಟಿ ಕಂಪನಿಗಳು ಬೆಂಗಳೂರನ್ನು ತುಂಬಿಕೊಂಡಿದ್ದವು. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್, ಒಂದು ತಿಂಗಳ ಬಾಡಿಗೆ ಬ್ರೋಕರಿಗೆ ಅನ್ನುವುದು ರೂಢಿ. ಸಾಕ್ಷಿಯ ಜಾಗದಲ್ಲಿ ಬ್ರೋಕರ್ ಬಂದು ಕೂತ. ಬೈದುಕೊಂಡೇ ಕೊಟ್ಟರೂ ಅವನು ಕೀಲಿ ತಂದು ಬಾಗಿಲು ತೆಗೆದು ತೋರಿಸುತ್ತಿದ್ದ. ಭುಕ್ತಿ ಇನ್ನೂ ಉಳಿದಿತ್ತು.

ಫೋಟೋ ಬಂತು, ಬಾಗಿಲು ಹೋಯಿತು

1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ರೇಗ್ ನ್ಯೂಮಾರ್ಕ್ ಗೆಳೆಯರಿಗೆ ಕಳಿಸುವ ಇ-ಮೇಲ್ ಪಟ್ಟಿಯಾಗಿ ಶುರುಮಾಡಿದ ಕ್ರೇಗ್ಸ್‌ಲಿಸ್ಟ್ ಮುಂದೆ ಅಮೆರಿಕದ ಪತ್ರಿಕೆಗಳ ಸಣ್ಣ ಜಾಹೀರಾತುಗಳನ್ನೇ ನುಂಗಿತು. ಪತ್ರಿಕೆಗೆ ಜಾಹೀರಾತು ಕೊಡಲು ದುಡ್ಡು ಕಟ್ಟಬೇಕು, ರಸೀದಿ ಇರುತ್ತದೆ. ಇಲ್ಲಿ ಪುಕ್ಕಟೆ, ಹೆಸರೂ ಬೇಕಿಲ್ಲ. ಎರಡು ಸಾವಿರದ ದಶಕದಲ್ಲಿ ಅಲ್ಲಿ ಒಂದು ಸಿದ್ಧ ಕಥೆ ಓಡಾಡತೊಡಗಿತು: ಮಾಲೀಕರು ಧರ್ಮಕಾರ್ಯಕ್ಕೆ ಆಫ್ರಿಕಾಕ್ಕೆ ಹೋಗಿದ್ದಾರೆ, ಕೀಲಿಯೂ ಅವರ ಹತ್ತಿರವೇ ಇದೆ, ಹಣ ಕಳಿಸಿದರೆ ಕೊರಿಯರ್ ಮಾಡುತ್ತಾರೆ. ಇದು ಹತ್ತೊಂಬತ್ತನೇ ಶತಮಾನದಲ್ಲಿ ಯೂರೋಪು, ಅಮೆರಿಕಗಳಲ್ಲಿ ಅಂಚೆಯಲ್ಲಿ ನಡೆಯುತ್ತಿದ್ದ 'ಸ್ಪ್ಯಾನಿಷ್ ಕೈದಿ' ಮೋಸದ ಮೊಮ್ಮಗ. ಸ್ಪೇನಿನ ಜೈಲಿನಲ್ಲಿ ಒಬ್ಬ ಸಾಹುಕಾರ ಇದ್ದಾನೆ, ಬಿಡಿಸಲು ಈಗ ಸ್ವಲ್ಪ ಕಳಿಸಿ, ಆಮೇಲೆ ಬೇಕಾದಷ್ಟು ಸಿಗುತ್ತದೆ ಅಂತ ಪತ್ರ. ಕೈದಿಯ ಜಾಗದಲ್ಲಿ ಕೀಲಿ ಬಂತು, ಅಷ್ಟೇ.

ನಮ್ಮಲ್ಲಿ 2005ರಲ್ಲಿ 99ಏಕರ್ಸ್, 2006ರಲ್ಲಿ ಮ್ಯಾಜಿಕ್‌ಬ್ರಿಕ್ಸ್, 2014ರಲ್ಲಿ ನೋಬ್ರೋಕರ್ ಬಂದವು. ಬ್ರೋಕರ್ ಕಾಟ ತಪ್ಪಿದ್ದು ನಿಜ. ಆದರೆ ಅವನ ಜೊತೆಗೆ ಕೀಲಿ ಗೊಂಚಲೂ ಹೋಯಿತು. ಬಾಗಿಲ ಜಾಗದಲ್ಲಿ ಫೋಟೋ ಬಂತು. ಫೋಟೋ ಭುಕ್ತಿಯಲ್ಲ, ಯಾರ ಮನೆಯದ್ದನ್ನು ಯಾರು ಬೇಕಾದರೂ ಹಾಕಬಹುದು.

ಆದರೂ ದುಡ್ಡು ಕಳಿಸುವುದು ಕಷ್ಟವಿತ್ತು, ಆ ಕಷ್ಟವೇ ಒಂದು ರಕ್ಷಣೆ. 2016ರಲ್ಲಿ ಯುಪಿಐ ಬಂದು ಅದನ್ನೂ ತೆಗೆಯಿತು. ಅದಾದ ಕೆಲವೇ ವರ್ಷಗಳಲ್ಲಿ 'ಆರ್ಮಿ ಆಫೀಸರ್' ಪ್ರತ್ಯಕ್ಷನಾದ. ಇವನಿಗೆ ಎರಡು ವೇಷ. ಬಾಡಿಗೆದಾರನ ವೇಷದಲ್ಲಿ ಮಾಲೀಕರಿಗೆ ಫೋನ್ ಮಾಡುತ್ತಾನೆ: ಬೆಂಗಳೂರಿಗೆ ಪೋಸ್ಟಿಂಗ್ ಆಗಿದೆ, ಮನೆ ಇಷ್ಟವಾಗಿದೆ, ಅಡ್ವಾನ್ಸ್ ಕಳಿಸುತ್ತೇನೆ, ಸೇನೆಯ ಲೆಕ್ಕದ ಪದ್ಧತಿ ಬೇರೆ, ನೀವು ಮೊದಲು ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ. ದುಡ್ಡು ಬರುವುದಕ್ಕೆ ಪಿನ್ ಬೇಡವೇ ಬೇಡ, ಪಿನ್ ಇರುವುದು ಹೋಗುವ ದುಡ್ಡಿಗೆ ಮಾತ್ರ. ಎಷ್ಟೋ ಮಾಲೀಕರು, ಅದರಲ್ಲೂ ವಯಸ್ಸಾದವರು, ಹೀಗೆ ಕಳೆದುಕೊಂಡರು. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ 'ಕಲೆಕ್ಟ್ ರಿಕ್ವೆಸ್ಟ್' ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ಆದರೆ ಕ್ಯೂಆರ್ ಇದೆ, ಪಿನ್ ಇದೆ, ನಂಬುವ ಮನಸ್ಸೂ ಇದೆ.

ಎರಡನೇ ವೇಷ ಮಾಲೀಕನದ್ದು. ನಮ್ಮ ತಾಲೂಕಿನ ಹಳ್ಳಿಯೊಂದರ ಹುಡುಗ ಬೆಂಗಳೂರಲ್ಲಿ ಕೆಲಸ ಸಿಕ್ಕಿದ ಖುಷಿಯಲ್ಲಿ ಇದಕ್ಕೇ ಸಿಕ್ಕ. ಮನೆ ನೋಡಲು ಗೇಟ್ ಪಾಸ್ ಬೇಕು, 2,500 ವಾಪಸ್ ಬರುತ್ತೆ ಅಂದರು, ಹಾಕಿದ. ಆಮೇಲೆ ಒಂದು ತಿಂಗಳ ಬಾಡಿಗೆ ಅಂತ 18,000. ಆ ದುಡ್ಡು ಅವರಪ್ಪ ಮೆಕ್ಕೆಜೋಳ ಮಾರಿ ಕೊಟ್ಟದ್ದು. ರಾತ್ರಿ ನನಗೆ ಫೋನ್ ಮಾಡಿ, "ಅಣ್ಣಾ, ಐಡಿ ಕಾರ್ಡ್ ಸೈತ ಕಳ್ಸಿದ್ರು, ಮಿಲಿಟ್ರಿಯೋರು ಅಂತ ನಂಬಿದೆ. ಅಪ್ಪಂಗೆ ಏನಂತ ಹೇಳ್ಲಿ?" ಅಂದ. ಫೋಟೋಗಳನ್ನು ಗೂಗಲ್ ಲೆನ್ಸಿಗೆ ಹಾಕಿದೆ. ಅದೇ ಸೋಫಾ, ಅದೇ ಪರದೆ, ಬೇರೆ ಊರಿನ ಜಾಹೀರಾತಿನಲ್ಲಿ! ಆಗಲೇ 1930ಕ್ಕೆ ಕರೆ ಮಾಡಿ ದೂರು ಕೊಟ್ಟೆವು. ಒಂದಿಷ್ಟು ಹಣ ಬ್ಯಾಂಕಿನಲ್ಲಿ ತಡೆಯಾಯಿತು, ಉಳಿದದ್ದು ಹೋಯಿತು. ಹುಡುಗ ಒಂದು ವಾರ ಊರಿಗೆ ಫೋನ್ ಮಾಡಲಿಲ್ಲ. ದುಡ್ಡಿಗಿಂತ ಹೆಚ್ಚು ಅವನನ್ನು ತಿಂದದ್ದು ಆ ನಾಚಿಕೆ. ಮೋಸಗಾರರಿಗೆ ಈ ನಾಚಿಕೆಯೇ ದೊಡ್ಡ ರಕ್ಷಣೆ, ದೂರು ತಡವಾದಷ್ಟೂ ಅವರಿಗೆ ಲಾಭ.

ಭೋಗ್ಯ ಮತ್ತೆ ಬಂತು

ಇಷ್ಟರ ಮೇಲೆ ಇನ್ನೊಂದು ಬಗೆಯಿದೆ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಅಪಾಯ. ಮನೆ ನಿಜ, ಕೀಲಿ ನಿಜ, ಸ್ಟ್ಯಾಂಪ್ ಪೇಪರ್ ನಿಜ. ಮಧ್ಯದವರು ಮಾಲೀಕರಿಂದ ಮನೆಯನ್ನು ತಿಂಗಳ ಬಾಡಿಗೆಗೆ ಪಡೆಯುತ್ತಾರೆ. ಅದನ್ನೇ ಇನ್ನೊಂದು ಕುಟುಂಬಕ್ಕೆ ಹತ್ತಾರು ಲಕ್ಷಕ್ಕೆ ಭೋಗ್ಯಕ್ಕೆ ಕೊಡುತ್ತಾರೆ. ಕೆಲವು ತಿಂಗಳು ಮಾಲೀಕರಿಗೆ ಬಾಡಿಗೆ ಸರಿಯಾಗಿ ಹೋಗುತ್ತದೆ, ಆಮೇಲೆ ನಿಲ್ಲುತ್ತದೆ, ಮಧ್ಯದವರು ನಾಪತ್ತೆ. ಮಾಲೀಕರು "ಬಾಡಿಗೆ ಕೊಡಿ, ಇಲ್ಲ ಖಾಲಿ ಮಾಡಿ" ಅಂತ ಬಾಗಿಲಿಗೆ ಬಂದಾಗಲೇ ಸತ್ಯ ಗೊತ್ತಾಗುವುದು. ಬೆಂಗಳೂರಿನಲ್ಲಿ ಇಂಥ ಪ್ರಕರಣಗಳು ಮತ್ತೆ ಮತ್ತೆ ಪೊಲೀಸರ ಮುಂದೆ ಬಂದಿವೆ. ಇನ್ನು ಬ್ಯಾಂಕಿಗೆ ಅಡ ಇಟ್ಟ ಮನೆಯನ್ನೇ ಭೋಗ್ಯಕ್ಕೆ ಕೊಟ್ಟು, ಸಾಲ ಕಟ್ಟದೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಬಂದು ನೋಟಿಸ್ ಅಂಟಿಸುವುದೂ ಉಂಟು. ಮೊದಲು ಪಡೆದವನೇ ಬಲ ಅನ್ನುವ ಹಳೆಯ ನಿಯಮ ಇಲ್ಲಿ ಬಡ ಬಾಡಿಗೆದಾರನ ಎದುರಿಗೇ ನಿಲ್ಲುತ್ತದೆ.

ಮೂರು ಪ್ರಶ್ನೆ

ಹಾಗಾದರೆ ಮಾಡುವುದೇನು? ಆ ಮೂರು ಪ್ರಮಾಣಗಳನ್ನೇ ಮತ್ತೆ ಕೇಳುವುದು.

ಭುಕ್ತಿ: ಮನೆಯೊಳಗೆ ಕಾಲಿಡದೆ ಒಂದು ರೂಪಾಯಿಯೂ ಇಲ್ಲ. ಟೋಕನ್, ಗೇಟ್ ಪಾಸ್, ವಿಸಿಟಿಂಗ್ ಚಾರ್ಜ್, ಹೆಸರು ಏನೇ ಇರಲಿ. ನೀವು ದೂರದ ಊರಲ್ಲಿದ್ದರೆ ಗೆಳೆಯನನ್ನು ಕಳಿಸಿ. ವಿಡಿಯೋ ಕಾಲ್ ಸಾಲದು.

ಲಿಖಿತ: ಮಾಲೀಕರ ಹೆಸರಿನ ಇತ್ತೀಚಿನ ಮನೆ ತೆರಿಗೆ ರಸೀದಿ, ಕರೆಂಟ್ ಬಿಲ್ ಕೇಳಿ, ಗುರುತಿನ ಚೀಟಿಯ ಜೊತೆ ಹೋಲಿಸಿ. ಭೋಗ್ಯವಾದರೆ ಇಸಿ ತೆಗೆಸಲೇಬೇಕು, ಪತ್ರ ನೋಂದಣಿ ಆಗಲೇಬೇಕು. ಲಕ್ಷಗಟ್ಟಲೆ ಕೊಡುವಾಗ ನೋಂದಣಿ ಖರ್ಚು ಉಳಿಸುವುದು ಉಳಿತಾಯವಲ್ಲ. ದುಡ್ಡು ಹೋಗುವ ಖಾತೆಯೂ ಪತ್ರದಲ್ಲಿರುವ ಮಾಲೀಕರ ಹೆಸರಿನಲ್ಲೇ ಇರಬೇಕು.

ಸಾಕ್ಷಿ: ಇದನ್ನು ನಾವು ಪೂರ್ತಿ ಮರೆತಿದ್ದೇವೆ. ಪಕ್ಕದ ಮನೆಯ ಬೆಲ್ ಒತ್ತಿ, ವಾಚ್‌ಮನ್ ಹತ್ತಿರ ಎರಡು ಮಾತಾಡಿ, ಎದುರಿನ ಅಂಗಡಿಯಲ್ಲಿ ಕೇಳಿ: ಈ ಮನೆ ಯಾರದು? ಐದು ನಿಮಿಷದ ಕೆಲಸ, ಯಾವ ಆ್ಯಪ್ ಕೂಡ ಇದನ್ನು ಮಾಡಿಕೊಡುವುದಿಲ್ಲ.

ದುಡ್ಡು ಹೋಗಿಬಿಟ್ಟಿದ್ದರೆ, ನಾಚಿಕೆ ಬದಿಗಿಟ್ಟು ತಕ್ಷಣ 1930. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಯಬೇಕು, ಅಲ್ಲಿ ನಿಮಿಷಗಳ ಲೆಕ್ಕ. ಬೆಂಗಳೂರಿನಲ್ಲಿ ಸೈಬರ್ ಅಪರಾಧ ಠಾಣೆ 2001ರಲ್ಲೇ ಶುರುವಾಗಿತ್ತು, ದೇಶಕ್ಕೇ ಮೊದಲನೆಯದು. ಕಂಪ್ಯೂಟರ್ ಬಳಸಿ ಬೇರೊಬ್ಬರ ವೇಷದಲ್ಲಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂನಡಿ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ ಇದೆ. 2009ರಿಂದಲೂ ಇದೆ. ಕಾನೂನಿಗೆ ಕೊರತೆಯಿಲ್ಲ, ನಮ್ಮ ದೂರು ಬೇಗ ಮುಟ್ಟಬೇಕು ಅಷ್ಟೇ.

"ಯಾರ ಪೈಕಿ?" ಅಂತ ಮಾಲೀಕರು ನಮ್ಮನ್ನು ಕೇಳುತ್ತಿದ್ದ ಕಾಲ ಹೋಗಲಿ, ಹೋದಷ್ಟೂ ಒಳ್ಳೆಯದು. "ಈ ಮನೆ ಯಾರದು?" ಅಂತ ನಾವು ಊರನ್ನು ಕೇಳುವ ಅಭ್ಯಾಸ ಮಾತ್ರ ಉಳಿಯಲಿ. ನಿಮ್ಮ ಊರಲ್ಲಿ ಬಾಡಿಗೆ ಮನೆ ಹೇಗೆ ಸಿಗುತ್ತಿತ್ತು, ಹೊಸ ಬಗೆಯ ಮೋಸ ಏನಾದರೂ ಕಂಡಿದ್ದೀರಾ? ನೀವೂ ಬರೆಯಿರಿ. ಇನ್ನೊಬ್ಬ ಹುಡುಗನ ಅಪ್ಪನ ದುಡ್ಡು ಉಳಿದೀತು.