ಆರಕ್ಕೆ ಮುಂಚಿನ ಜರಡಿ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಶಿಶುಶಿಕ್ಷಣದಲ್ಲಿ ಸಾಂಸ್ಕೃತಿಕ ಬಂಡವಾಳ

ಪ್ರವೇಶದ ವೇಳೆ ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷೆಗೆ ಒಡ್ಡಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಕಲಂ ಹೇಳುತ್ತದೆ. ಆದರೆ ಅದೇ ಕಾಯ್ದೆಯ ಲೆಕ್ಕದಲ್ಲಿ ಮಗುವಿಗೆ ಆರು ತುಂಬಿರಬೇಕು. ಶೇ. 25ರ ಮೀಸಲು ಸೀಟುಗಳನ್ನು ಬಿಟ್ಟರೆ ಖಾಸಗಿ ಶಾಲೆಗಳ ನರ್ಸರಿ ಪ್ರವೇಶಕ್ಕೆ ಕಾಯ್ದೆ ಅನ್ವಯಿಸದೆಂದು ದೆಹಲಿ ಹೈಕೋರ್ಟು 2013ರಲ್ಲಿ ತೀರ್ಪಿತ್ತಿತು. ಹೀಗೆ ಕಾನೂನಿನ ಕೈಗೆ ಸಿಗುವುದು ಆಗಲೇ ವರ್ಗವಾರು ವಿಂಗಡಣೆಯಾದ ಮಕ್ಕಳು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಈ ವಿಂಗಡಣೆ ನಡೆಯುವುದು ಎರಡು ಇಲಾಖೆಗಳ ನಡುವೆ. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಎಲ್‌ಕೆಜಿ ಶಿಕ್ಷಣ ಇಲಾಖೆಯದು. ಒಂದೆಡೆ ತೂಕ, ಎತ್ತರ, ಮೊಟ್ಟೆಯ ಲೆಕ್ಕ. ಇನ್ನೊಂದೆಡೆ ಕಟ್ಟಡ, ಮಾನ್ಯತೆಯ ಕಡತ. ಮಗು ಮನೆಯಿಂದ ಏನು ಕಲಿತು ಬಂದಿದೆ ಎಂಬ ವಿಚಾರ ಎರಡೂ ಕಡೆ ಹಿಂದೆ ಬೀಳುತ್ತದೆ.

ಕಲಿತು ಬಂದದ್ದು ಕಡಿಮೆಯೇನಲ್ಲ. ಬೀಡಿ ಕಟ್ಟುವ ಮನೆಯ ಜಗಲಿಯಲ್ಲಿ ಇಪ್ಪತ್ತೈದು ಬೀಡಿಗೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಸಾವಿರ, ಸಾವಿರಕ್ಕಿಷ್ಟು ಮಜೂರಿ. ಅಮ್ಮ ಮೊರವನ್ನು ಮಡಿಲಲ್ಲಿಟ್ಟುಕೊಂಡು ತುಳುವಿನಲ್ಲೋ ಬ್ಯಾರಿಯಲ್ಲೋ ಎಣಿಸುವುದು ಪಕ್ಕದಲ್ಲಿ ಕೂತ ಮಗುವಿನ ಕಿವಿಗೆ ಬೀಳುತ್ತಲೇ ಇರುತ್ತದೆ. ಮನೆಯಲ್ಲಿ ಕನ್ನಡ ಆಡದ ಆ ಮಗು ಧರ್ಮಸ್ಥಳ ಮೇಳದ ಯಕ್ಷಗಾನ ಹರಕೆಯಾಟದಲ್ಲಿ ಗ್ರಾಂಥಿಕ ಕನ್ನಡವನ್ನು ಧಾರಾಳವಾಗಿ ಕೇಳಿರುತ್ತದೆ. ಹರಕೆಯಾಟಕ್ಕೆ ಟಿಕೆಟ್ ಇಲ್ಲವಲ್ಲ! ‘ಸಾಂಸ್ಕೃತಿಕ ಬಂಡವಾಳ’ದ ಪರಿಕಲ್ಪನೆ ಕೊಟ್ಟ ಸಮಾಜಶಾಸ್ತ್ರಜ್ಞ ಬೂರ್ದಿಯೊ ಫ್ರಾನ್ಸಿನಲ್ಲಿ ಕಂಡಂತೆ ಉನ್ನತ ಭಾಷೆ ಇಲ್ಲಿ ಶ್ರೀಮಂತರ ಮನೆಯಲ್ಲಷ್ಟೇ ಕೂಡಿಬಿದ್ದಿಲ್ಲ. ಅವನ ವಾದ ಸರಿಹೊಂದುವುದು ಇನ್ನೊಂದು ಜಾಗದಲ್ಲಿ: ಯಾವ ಬಂಡವಾಳಕ್ಕೆ ಎಷ್ಟು ಬೆಲೆಯೆಂದು ನಿಗದಿಮಾಡುವುದು ಶಾಲೆ. ಎಲ್‌ಕೆಜಿ ಪ್ರವೇಶದ ಮೇಜಿನ ಮುಂದೆ ಚಲಾವಣೆಯಾಗುವುದು ಇಂಗ್ಲಿಷ್ ರೈಮ್ಸ್. ಮೂಡುಬಿದಿರೆಯ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆಗೆ ಪ್ರವೇಶ ಪರೀಕ್ಷೆ ಬರೆಯಲು ಮಕ್ಕಳು ಮುಗಿಬೀಳುವುದೂ ಬೆಲೆ ಕಟ್ಟುವುದು ಶಾಲೆಯೇ ಎಂಬುದಕ್ಕೆ ಸಾಕ್ಷಿ. ಹೆಸರುಳ್ಳ ಸಂಸ್ಥೆ ಬೆನ್ನಿಗೆ ನಿಂತರೆ ಕನ್ನಡಕ್ಕೂ ಬೆಲೆ ಏರುತ್ತದೆ.

ಬಡ ಪಾಲಕರಿಗೆ ಈ ಬೆಲೆಯ ಲೆಕ್ಕ ಗೊತ್ತಿಲ್ಲವೆಂದು ಭಾವಿಸುವುದು ವಿದ್ವಾಂಸರ ಚಟ. ಮುಚ್ಚುವ ಹಂತದಲ್ಲಿದ್ದ ಬಂಟ್ವಾಳದ ದಡ್ಡಲಕಾಡು ಸರಕಾರಿ ಶಾಲೆಯನ್ನು ಸ್ಥಳೀಯ ಟ್ರಸ್ಟೊಂದು ದತ್ತು ಪಡೆದು ಇಂಗ್ಲಿಷ್ ಕಲಿಕೆಗೆ ಏರ್ಪಾಡು ಮಾಡಿದ ಮೇಲೆ ಅದು ಮತ್ತೆ ತುಂಬಿಕೊಂಡಿತು. ಇತ್ತ ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ ತೆರೆದರೆ ಅಂಗನವಾಡಿಗಳು ಬರಿದಾಗುತ್ತವೆಂದು 2024ರಲ್ಲಿ ಕಾರ್ಯಕರ್ತೆಯರು ಬೀದಿಗಿಳಿದರು. ಇಬ್ಬರ ಲೆಕ್ಕವೂ ತಪ್ಪಲ್ಲ.

ಇಂಗ್ಲೆಂಡಿನ ಶಾಲಾ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ 2019ರಲ್ಲಿ ಶಿಶುಕೇಂದ್ರಗಳ ತಪಾಸಣೆಯಲ್ಲಿ ಸಾಂಸ್ಕೃತಿಕ ಬಂಡವಾಳವನ್ನೇ ಒಂದು ಅಂಶವಾಗಿ ಸೇರಿಸಿತು. ಅಸಮಾನತೆಯನ್ನು ಬಯಲಿಗೆಳೆಯಲು ಹುಟ್ಟಿದ ಪರಿಕಲ್ಪನೆ ಮಗುವಿನ ಕೊರತೆಯ ಪಟ್ಟಿಯಾಗಲು ಅಷ್ಟು ಸಾಕು. ನಮಗೆ ಆ ಪಟ್ಟಿ ಬೇಡ. ಅದರ ಬದಲು 13ನೆಯ ಕಲಮಿನ ನಿಷೇಧ ಮೂರನೆಯ ವಯಸ್ಸಿನಿಂದಲೇ ಜಾರಿಯಾಗಲಿ. ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ, ರಾಷ್ಟ್ರಪತಿಗಳ ಅಂಕಿತ ಪಡೆದು ರಾಜ್ಯವೇ ಈ ತಿದ್ದುಪಡಿ ತರಬಹುದು.